ಮಿತಾಹಾರ, ಉತ್ಕರ್ಷಣ ನಿರೋಧಕಗಳು ಮತ್ತು ದೀರ್ಘಾಯುಷ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಿಮೆ ಉಂಡರೆ ಹೆಚ್ಚು ಕಾಲ ಬದುಕಬಹುದೆಂಬ ಮಾತೂ, ಉತ್ಕರ್ಷಣ ನಿರೋಧಕಗಳನ್ನು, ಅಂದರೆ ಆಂಟಿಆಕ್ಸಿಡೆಂಟ್‌ಗಳನ್ನು ಸೇವಿಸಿದರೆ ಮುಪ್ಪು ಮುಂದೆ ಸರಿಯುತ್ತದೆಂಬ ಮಾತೂ ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. ಆದರೆ ಇವೆರಡರ ಹಿಂದಿರುವ ಪುರಾವೆಗಳ ತೂಕ ಒಂದೇ ಅಲ್ಲ. ಎರಡನ್ನೂ ಬೆಸೆದಿದ್ದ ಸಿದ್ಧಾಂತ ಈಗ ಮೊದಲಿನಷ್ಟು ಗಟ್ಟಿಯಾಗಿಯೂ ಉಳಿದಿಲ್ಲ. ಕೆಳಗಿನ ಉತ್ತರಗಳನ್ನು ಓದುವಾಗ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಳ್ಳಿ: ಯಾವುದೇ ಪ್ರಯೋಗದಲ್ಲಿ ಲಾಭ ಕಂಡಿತೆಂದು ಹೇಳಿದಾಗ, ಅದು ಯಾರಿಗೆ ಹೋಲಿಸಿ ಕಂಡ ಲಾಭ?

ಕ್ಯಾಲೊರಿ ಮಿತಿ ಎಂದರೇನು? ಉಪವಾಸಕ್ಕೂ ಅದಕ್ಕೂ ಏನು ವ್ಯತ್ಯಾಸ?

ಪೋಷಕಾಂಶಗಳಿಗೆ ಕೊರತೆಯಾಗದಂತೆ ನೋಡಿಕೊಂಡು, ಆಹಾರದಿಂದ ದೊರೆಯುವ ಒಟ್ಟು ಶಕ್ತಿಯನ್ನು ಮಾತ್ರ ದೀರ್ಘಕಾಲ ತಗ್ಗಿಸುವುದಕ್ಕೆ ಕ್ಯಾಲೊರಿ ಮಿತಿ ಎನ್ನುತ್ತಾರೆ. ಪ್ರಯೋಗಗಳಲ್ಲಿ ಈ ಕಡಿತ ಸಾಮಾನ್ಯವಾಗಿ ಶೇ. 20ರಿಂದ 40ರಷ್ಟಿರುತ್ತದೆ. ಪ್ರೋಟೀನು, ವಿಟಮಿನ್, ಖನಿಜಗಳು ಸಾಕಷ್ಟು ಇರಲೇಬೇಕೆಂಬುದು ಇದರ ಮೊದಲ ನಿಯಮ; ಅದು ತಪ್ಪಿದರೆ ಉಳಿಯುವುದು ಅಪೌಷ್ಟಿಕತೆ, ಮತ್ತು ಅಪೌಷ್ಟಿಕತೆಯಿಂದ ಆಯುಸ್ಸು ಕುಗ್ಗುತ್ತದೆಯೇ ಹೊರತು ಹಿಗ್ಗುವುದಿಲ್ಲ. ಉಪವಾಸವೆಂದರೆ ನಿರ್ದಿಷ್ಟ ಅವಧಿಯಲ್ಲಿ ಏನನ್ನೂ ತಿನ್ನದಿರುವುದು. ಉಪವಾಸ ಮಾಡುವವರ ಒಟ್ಟು ಕ್ಯಾಲೊರಿ ಕಡಿಮೆಯಾಗಬಹುದು, ಆಗದೆಯೂ ಇರಬಹುದು, ಏಕೆಂದರೆ ಬಿಟ್ಟ ಊಟವನ್ನು ಮುಂದಿನ ಊಟದಲ್ಲಿ ಬಡ್ಡಿ ಸಮೇತ ವಸೂಲು ಮಾಡುವವರೂ ಇದ್ದಾರೆ.

ಈ ವಿಚಾರ ಎಲ್ಲಿಂದ ಆರಂಭವಾಯಿತು?

ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಗಾದೆ ಪುರಾವೆಯಾಗುವುದಿಲ್ಲ. ಅಳೆದು ತೂಗಿ ಮಾಡಿದ ಪ್ರಸಿದ್ಧ ಪ್ರಯೋಗ ಪ್ರಕಟವಾದದ್ದು 1935ರಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಮೆಕ್ಕೇ ಮತ್ತು ಮೇರಿ ಕ್ರೋವೆಲ್ ಅವರು ಇಲಿಗಳಿಗೆ ಎಳವೆಯಿಂದಲೇ ಕ್ಯಾಲೊರಿ ಕಡಿಮೆಯಿರುವ, ಆದರೆ ವಿಟಮಿನ್ ಮತ್ತು ಖನಿಜಗಳಿಗೆ ಕೊರತೆಯಿಲ್ಲದ ಆಹಾರ ಕೊಟ್ಟು ಬೆಳವಣಿಗೆಯನ್ನು ನಿಧಾನಗೊಳಿಸಿದರು. ಹಾಗೆ ಬೆಳೆದ ಗಂಡು ಇಲಿಗಳು ಹೊಟ್ಟೆ ತುಂಬ ತಿಂದ ಇಲಿಗಳಿಗಿಂತ ಬಹಳ ಹೆಚ್ಚು ಕಾಲ ಬದುಕಿದವು. ಹೆಣ್ಣು ಇಲಿಗಳಲ್ಲಿ ವ್ಯತ್ಯಾಸ ಅಷ್ಟಾಗಿ ಎದ್ದು ಕಾಣಲಿಲ್ಲ. ಬೆಳವಣಿಗೆಯನ್ನು ತಡೆಯುವುದೇ ಆಯುಸ್ಸಿನ ಗುಟ್ಟೆಂದು ಆಗ ಭಾವಿಸಲಾಗಿತ್ತು. 1982ರಲ್ಲಿ ರಿಚರ್ಡ್ ವೈಂಡ್ರುಕ್ ಮತ್ತು ರಾಯ್ ವಾಲ್‌ಫೋರ್ಡ್ ಅವರು 12 ತಿಂಗಳ ಪ್ರಾಯದ, ಅಂದರೆ ಪೂರ್ಣ ಬೆಳೆದ ಸಣ್ಣ ಇಲಿಗಳಲ್ಲಿ ಆಹಾರವನ್ನು ಹಂತಹಂತವಾಗಿ ತಗ್ಗಿಸಿ ಅಲ್ಲಿಯೂ ಆಯುಸ್ಸು ಹೆಚ್ಚುವುದನ್ನು ತೋರಿಸಿದ ಮೇಲೆ ಆ ವಿವರಣೆ ಸಾಲದೆಂಬುದು ಸ್ಪಷ್ಟವಾಯಿತು.

ಹಾಗಾದರೆ ಎಲ್ಲ ಪ್ರಾಣಿಗಳಲ್ಲಿಯೂ ಇದು ಕೆಲಸ ಮಾಡುತ್ತದೆಯೇ?

ಯೀಸ್ಟ್, ಹುಳು, ಹಣ್ಣುನೊಣ, ಇಲಿ ಹೀಗೆ ಬಹಳ ದೂರದ ಸಂಬಂಧಿಗಳಲ್ಲಿಯೂ ಪರಿಣಾಮ ಕಂಡಿದೆ. ಆದರೆ ‘ಎಲ್ಲ’ ಎಂಬ ಪದ ಇಲ್ಲಿ ಹೊಂದುವುದಿಲ್ಲ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಣ್ಣ ಇಲಿಗಳ 41 ತಳಿಗಳಿಗೆ ಶೇ. 40ರಷ್ಟು ಆಹಾರ ಕಡಿತ ಮಾಡಿದಾಗ, ಆಯುಸ್ಸು ಹೆಚ್ಚಿದ ತಳಿಗಳಿಗಿಂತ ಕಡಿಮೆಯಾದ ತಳಿಗಳೇ ಹೆಚ್ಚಾಗಿದ್ದವು. ಒಂದೇ ಪ್ರಾಣಿ, ಒಂದೇ ಆಹಾರ, ಅಷ್ಟೇ ಕಡಿತ; ತಳಿ ಮಾತ್ರ ಬೇರೆ, ಫಲವೂ ಬೇರೆ.

2024ರಲ್ಲಿ ಹೊರಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಆನುವಂಶಿಕವಾಗಿ ಒಂದಕ್ಕೊಂದು ಭಿನ್ನವಾದ 960 ಹೆಣ್ಣು ಇಲಿಗಳನ್ನು ಬಳಸಲಾಯಿತು. ಮನಬಂದಷ್ಟು ತಿಂದವು ಸರಾಸರಿ 25 ತಿಂಗಳು, ವಾರದಲ್ಲಿ ಒಂದೋ ಎರಡೋ ದಿನ ಉಪವಾಸವಿದ್ದವು ಸುಮಾರು 28 ತಿಂಗಳು, ಶೇ. 20 ಕಡಿತದವು 30 ತಿಂಗಳು, ಶೇ. 40 ಕಡಿತದವು 34 ತಿಂಗಳು ಬದುಕಿದವು. ಅಂಕಿಗಳು ಆಕರ್ಷಕವಾಗಿವೆ, ನಿಜ. ಆದರೆ ಅದೇ ಅಧ್ಯಯನ ಹೇಳಿದ ಇನ್ನೆರಡು ಮಾತುಗಳನ್ನು ಸುದ್ದಿಗಳು ಅಷ್ಟಾಗಿ ಎತ್ತಿ ಹೇಳಲಿಲ್ಲ: ಆಯುಸ್ಸಿನ ಮೇಲೆ ಆಹಾರಕ್ಕಿಂತ ಆನುವಂಶಿಕತೆಯ ಪ್ರಭಾವವೇ ದೊಡ್ಡದಾಗಿತ್ತು, ಮತ್ತು ಕಡಿತದ ಆಹಾರದಲ್ಲಿದ್ದ ಇಲಿಗಳ ಪೈಕಿ ತೂಕವನ್ನು ಬಹಳವಾಗಿ ಕಳೆದುಕೊಂಡವಲ್ಲ, ಉಳಿಸಿಕೊಂಡವೇ ಹೆಚ್ಚು ಕಾಲ ಬದುಕಿದವು. ತೂಕ ಇಳಿದಷ್ಟೂ ಆಯುಸ್ಸು ಏರುತ್ತದೆಂದು ಲೆಕ್ಕ ಹಾಕುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಮಂಗಗಳ ಮೇಲೆ ನಡೆದ ಎರಡು ಪ್ರಯೋಗಗಳು ಬೇರೆ ಬೇರೆ ಉತ್ತರ ಕೊಟ್ಟಿದ್ದು ಏಕೆ?

ಇಡೀ ವಿಷಯದಲ್ಲಿ ಅತಿ ಹೆಚ್ಚು ಕಲಿಸುವ ಅಧ್ಯಾಯವೆಂದರೆ, ನನ್ನ ದೃಷ್ಟಿಯಲ್ಲಿ, ಇದು. ರೀಸಸ್ ಮಂಗಗಳ ಮೇಲೆ ಅಮೆರಿಕದ ರಾಷ್ಟ್ರೀಯ ವಾರ್ಧಕ್ಯ ಸಂಸ್ಥೆ 1987ರಲ್ಲಿಯೂ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 1989ರಲ್ಲಿಯೂ ಪ್ರತ್ಯೇಕವಾಗಿ ಪ್ರಯೋಗ ಆರಂಭಿಸಿದವು. ಎರಡರಲ್ಲಿಯೂ ಕಡಿತ ಸುಮಾರು ಶೇ. 30. ಸೆರೆಯಲ್ಲಿರುವ ರೀಸಸ್ ಮಂಗ ಸರಾಸರಿ 26 ವರ್ಷಗಳಷ್ಟು ಬದುಕುವುದರಿಂದ, ಫಲಿತಾಂಶಕ್ಕಾಗಿ ವಿಜ್ಞಾನಿಗಳು ತಮ್ಮ ವೃತ್ತಿಜೀವನದ ಬಹುಭಾಗವನ್ನೇ ಕಾಯುವುದರಲ್ಲಿ ಕಳೆಯಬೇಕಾಯಿತು.

2009ರಲ್ಲಿ ವಿಸ್ಕಾನ್ಸಿನ್ ತಂಡ ವರದಿ ಮಾಡಿದಾಗ, ಕಡಿತದ ಗುಂಪಿನ ಮಂಗಗಳಲ್ಲಿ ಶೇ. 80ರಷ್ಟು ಬದುಕಿದ್ದರೆ, ಇನ್ನೊಂದು ಗುಂಪಿನಲ್ಲಿ ಉಳಿದಿದ್ದವು ಶೇ. 50 ಮಾತ್ರ. ಮಧುಮೇಹ, ಹೃದ್ರೋಗ, ಕ್ಯಾನ್ಸರ್ ಮೊದಲ ಗುಂಪಿನಲ್ಲಿ ಕಡಿಮೆಯಿದ್ದವು. 2012ರಲ್ಲಿ ವಾರ್ಧಕ್ಯ ಸಂಸ್ಥೆಯ ವರದಿ ಬಂದಾಗ ಎರಡೂ ಗುಂಪುಗಳ ಆಯುಸ್ಸಿನಲ್ಲಿ ಗಮನಾರ್ಹ ವ್ಯತ್ಯಾಸವೇ ಇರಲಿಲ್ಲ. ಕಾರಣವನ್ನು ಹುಡುಕುತ್ತ ಹೋದವರ ಕಣ್ಣು ಕೊನೆಗೆ ನೆಟ್ಟಿದ್ದು ಕಡಿಮೆ ತಿಂದ ಮಂಗಗಳ ತಟ್ಟೆಯ ಮೇಲಲ್ಲ, ಹೋಲಿಕೆಗೆಂದು ಇಟ್ಟಿದ್ದ ಮಂಗಗಳ ತಟ್ಟೆಯ ಮೇಲೆ. ವಿಸ್ಕಾನ್ಸಿನ್‌ನಲ್ಲಿ ಆ ಮಂಗಗಳು ಬೇಕೆನಿಸಿದಷ್ಟು ತಿನ್ನಬಹುದಿತ್ತು, ಮತ್ತು ಅವುಗಳ ಸಂಸ್ಕರಿತ ಆಹಾರದಲ್ಲಿ ಸಕ್ಕರೆಯ ಪ್ರಮಾಣ ಶೇ. 28ಕ್ಕೂ ಹೆಚ್ಚಿತ್ತು. ವಾರ್ಧಕ್ಯ ಸಂಸ್ಥೆಯಲ್ಲಿ ಆಹಾರ ಹೆಚ್ಚು ನೈಸರ್ಗಿಕವಾಗಿತ್ತು, ಸಕ್ಕರೆ ಶೇ. 4ರ ಆಸುಪಾಸಿನಲ್ಲಿತ್ತು, ಹೋಲಿಕೆಯ ಗುಂಪಿಗೂ ಬೊಜ್ಜು ಬರದಂತೆ ಅಳೆದೇ ಬಡಿಸಲಾಗುತ್ತಿತ್ತು. ಹೀಗಾಗಿ ಒಂದು ಕಡೆ ಅತಿಯಾಗಿ ತಿನ್ನುವವರಿಗೂ ಮಿತವಾಗಿ ತಿನ್ನುವವರಿಗೂ ಹೋಲಿಕೆ ನಡೆದಿದ್ದರೆ, ಇನ್ನೊಂದು ಕಡೆ ಮಿತವಾಗಿ ತಿನ್ನುವವರಿಗೂ ಇನ್ನೂ ಕಡಿಮೆ ತಿನ್ನುವವರಿಗೂ ಹೋಲಿಕೆ ನಡೆದಿತ್ತು.

ಎರಡೂ ತಂಡಗಳು 2017ರಲ್ಲಿ ಒಟ್ಟಾಗಿ ಅಂಕಿಅಂಶಗಳನ್ನು ಪರಿಶೀಲಿಸಿ, ಕ್ಯಾಲೊರಿ ಮಿತಿಯಿಂದ ಮಂಗಗಳ ಆರೋಗ್ಯಕ್ಕೆ ಪ್ರಯೋಜನವಿದೆಯೆಂದೂ, ಆರಂಭಿಸುವ ವಯಸ್ಸು ಮತ್ತು ಆಹಾರದ ಸ್ವರೂಪ ಫಲವನ್ನು ಬದಲಿಸುತ್ತವೆಯೆಂದೂ ಒಪ್ಪಿದವು. ಅತಿಯಾಗಿ ತಿನ್ನುವುದನ್ನು ನಿಲ್ಲಿಸಿದರೆ ದೊಡ್ಡ ಲಾಭವಿದೆ. ಅಲ್ಲಿಂದಾಚೆಗೆ ಇನ್ನೂ ಇನ್ನೂ ಕಡಿತ ಮಾಡಿದರೆ ಸಿಗುವ ಹೆಚ್ಚುವರಿ ಲಾಭ ಸಣ್ಣದು, ಅದೂ ಅನಿಶ್ಚಿತ. ಈ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ತೋರುವ ಅರ್ಥ ಇದು.

ಮನುಷ್ಯರ ಮೇಲೆ ಪ್ರಯೋಗ ನಡೆದಿದೆಯೇ?

ನಡೆದಿದೆ. ‘ಕ್ಯಾಲೆರಿ’ ಎಂಬ ಹೆಸರಿನ ಅಮೆರಿಕದ ಪ್ರಯೋಗದ ಎರಡನೆಯ ಹಂತದಲ್ಲಿ, ಬೊಜ್ಜಿಲ್ಲದ 218 ಆರೋಗ್ಯವಂತ ವಯಸ್ಕರು ಎರಡು ವರ್ಷ ಭಾಗವಹಿಸಿದರು. ಗುರಿ ಇದ್ದದ್ದು ಶೇ. 25 ಕಡಿತ, ನಿರಂತರ ಮಾರ್ಗದರ್ಶನ, ಆಪ್ತಸಲಹೆ, ತಪಾಸಣೆ ಎಲ್ಲವೂ ಇದ್ದರೂ ಸಾಧ್ಯವಾದದ್ದು ಸರಾಸರಿ ಶೇ. 12ರಷ್ಟು. ಉತ್ಸಾಹದಿಂದ ತಾವಾಗಿಯೇ ಮುಂದೆ ಬಂದವರ ಸ್ಥಿತಿಯೇ ಇದಾದರೆ, ಶೇ. 40 ಕಡಿತದ ಕನಸು ಕಾಣುವವರು ಈ ಅಂಕಿಯನ್ನು ಗಮನಿಸಬೇಕು.

ಅಷ್ಟು ಕಡಿತಕ್ಕೇ ದೇಹದ ತೂಕ ಸುಮಾರು ಶೇ. 10 ಇಳಿಯಿತು, ರಕ್ತದೊತ್ತಡ, ಕೆಟ್ಟ ಕೊಲೆಸ್ಟರಾಲ್, ಉರಿಯೂತದ ಸೂಚಕಗಳು ತಗ್ಗಿದವು, ಇನ್ಸುಲಿನ್‌ಗೆ ದೇಹದ ಸ್ಪಂದನೆ ಸುಧಾರಿಸಿತು. ಮೊದಲೇ ಆರೋಗ್ಯವಂತರಾಗಿದ್ದವರಲ್ಲಿ ಈ ಬದಲಾವಣೆ ಕಂಡದ್ದು ಕಡಿಮೆ ಮಾತಲ್ಲ. ಆದರೂ ಪ್ರಯೋಗದ ಮುಖ್ಯ ಗುರಿಗಳೆಂದು ಮೊದಲೇ ಘೋಷಿಸಿದ್ದ ಎರಡು ಅಳತೆಗಳಲ್ಲಿ, ಅಂದರೆ ವಿಶ್ರಾಂತಿಯಲ್ಲಿರುವಾಗಿನ ಚಯಾಪಚಯ ದರ ತೂಕದ ಇಳಿಕೆಗೆ ಮೀರಿ ತಗ್ಗುವುದು ಮತ್ತು ದೇಹದ ಒಳಗಿನ ಉಷ್ಣತೆ ತಗ್ಗುವುದು, ಎರಡು ವರ್ಷಗಳ ಕೊನೆಗೆ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಕಡಿಮೆ ಉಂಡರೆ ದೇಹದ ಯಂತ್ರ ನಿಧಾನವಾಗಿ ಉರಿದು ಹೆಚ್ಚು ಕಾಲ ಬಾಳುತ್ತದೆಂಬ ಹಳೆಯ ಕಲ್ಪನೆಗೆ ಇದರಿಂದ ಬೆಂಬಲ ದೊರೆಯಲಿಲ್ಲ.

ಬಯೋಸ್ಫಿಯರ್ 2ರಲ್ಲಿ ಏನಾಯಿತು?

ಅರಿಜೋನಾದಲ್ಲಿ ಕಟ್ಟಿದ್ದ ಆ ಮುಚ್ಚಿದ ಗಾಜಿನ ಆವರಣದಲ್ಲಿ 1991ರಿಂದ 1993ರವರೆಗೆ ಎಂಟು ಮಂದಿ ವಾಸವಾಗಿದ್ದರು. ಒಳಗೆ ಬೆಳೆದ ಬೆಳೆ ಸಾಲದೆ ಹೋದದ್ದರಿಂದ ಅವರು ಅನಿವಾರ್ಯವಾಗಿ ಮಿತಾಹಾರಿಗಳಾದರು. ಅವರ ವೈದ್ಯರಾಗಿ ಒಳಗಿದ್ದವರು ಮೇಲೆ ಹೆಸರಿಸಿದ ರಾಯ್ ವಾಲ್‌ಫೋರ್ಡ್. ಅಲ್ಲಿದ್ದವರ ರಕ್ತದೊತ್ತಡ, ರಕ್ತದ ಸಕ್ಕರೆ, ಕೊಲೆಸ್ಟರಾಲ್ ಇಳಿದವು. ವಾಲ್‌ಫೋರ್ಡ್ 2004ರಲ್ಲಿ, 79ನೆಯ ವಯಸ್ಸಿನಲ್ಲಿ, ಎಎಲ್‌ಎಸ್ ಎಂಬ ನರರೋಗದಿಂದ ತೀರಿಕೊಂಡರು. ಇದನ್ನು ಮಿತಾಹಾರದ ಸೋಲೆಂದು ಹೇಳುವವರಿದ್ದಾರೆ. ಒಬ್ಬ ವ್ಯಕ್ತಿಯ ಸಾವಿನಿಂದ ಹಾಗೆ ತೀರ್ಮಾನಿಸುವುದು, ಒಬ್ಬ ಶತಾಯುಷಿಯ ಊಟದ ಪಟ್ಟಿಯನ್ನು ತೋರಿಸಿ ಅದೇ ದೀರ್ಘಾಯುಷ್ಯದ ಸೂತ್ರವೆನ್ನುವಷ್ಟೇ ತಪ್ಪು.

ಮನುಷ್ಯನ ಆಯುಸ್ಸು ಇದರಿಂದ ಎಷ್ಟು ವರ್ಷ ಹೆಚ್ಚಬಹುದು?

ಇಷ್ಟೇ ವರ್ಷವೆಂದು ಹೇಳುವ ಯಾವ ಪ್ರಯೋಗವೂ ಇಲ್ಲ. ಮನುಷ್ಯರನ್ನು ಜೀವಮಾನವಿಡೀ ಎರಡು ಗುಂಪುಗಳಲ್ಲಿ ಇಟ್ಟು ನೋಡಲು ಸಾಧ್ಯವಿಲ್ಲ. ಇಲಿಯ ಶೇಕಡಾವಾರು ಲೆಕ್ಕವನ್ನು ಮನುಷ್ಯನ 80 ವರ್ಷಕ್ಕೆ ಗುಣಿಸಿ ಹೇಳುವ ಸಂಖ್ಯೆಗಳಿಗೆ ಆಧಾರವಿಲ್ಲ.

ಕಡಿಮೆ ಆಹಾರ ದೇಹದೊಳಗೆ ಏನು ಮಾಡುತ್ತದೆ?

ಆಹಾರ ವಿರಳವಾದಾಗ ಜೀವಕೋಶಗಳು ಬೆಳೆಯುವ ಕೆಲಸವನ್ನು ಬದಿಗಿಟ್ಟು ದುರಸ್ತಿಯ ಕೆಲಸಕ್ಕೆ ತಿರುಗುತ್ತವೆ. ಇದನ್ನು ಕೆಲವು ಸಂಕೇತ ಮಾರ್ಗಗಳು ನಿಯಂತ್ರಿಸುತ್ತವೆ. ಇನ್ಸುಲಿನ್ ಮತ್ತು ಅದನ್ನು ಹೋಲುವ ಐಜಿಎಫ್-1 ಎಂಬ ಹಾರ್ಮೋನು, ಅಮೈನೋ ಆಮ್ಲಗಳ ಲಭ್ಯತೆಯನ್ನು ಗ್ರಹಿಸುವ ಎಂಟಾರ್ ಎಂಬ ಪ್ರೋಟೀನು, ಶಕ್ತಿಯ ಕೊರತೆಯನ್ನು ಗ್ರಹಿಸುವ ಎಎಂಪಿಕೆ ಇವುಗಳಲ್ಲಿ ಮುಖ್ಯವಾದವು. 1993ರಲ್ಲಿ ಸಿಂಥಿಯಾ ಕೆನ್ಯನ್ ಅವರ ತಂಡ ಸೂಕ್ಷ್ಮ ದುಂಡುಹುಳುವೊಂದರಲ್ಲಿ ಇನ್ಸುಲಿನ್ ಮಾದರಿಯ ಸಂಕೇತಕ್ಕೆ ಸೇರಿದ ಡ್ಯಾಫ್-2 ಎಂಬ ಒಂದೇ ಜೀನ್ ದುರ್ಬಲವಾದರೆ ಆಯುಸ್ಸು ಇಮ್ಮಡಿಯಾಗುತ್ತದೆಂದು ತೋರಿಸಿದ ಮೇಲೆ, ಮುಪ್ಪು ಬರೀ ಸವಕಳಿಯಲ್ಲ, ಅದರ ವೇಗವನ್ನು ಜೀವಿಯೇ ಒಂದು ಮಟ್ಟಿಗೆ ಹೊಂದಿಸಿಕೊಳ್ಳುತ್ತದೆಂಬ ವಿಚಾರಕ್ಕೆ ಬಲ ಬಂತು. ಎಂಟಾರ್ ತಗ್ಗಿದಾಗ ಆಟೋಫೇಜಿ, ಅಂದರೆ ಜೀವಕೋಶ ತನ್ನೊಳಗಿನ ಹಾಳಾದ ಭಾಗಗಳನ್ನು ತಾನೇ ಜೀರ್ಣಿಸಿಕೊಂಡು ಮರುಬಳಸುವ ಕ್ರಿಯೆ, ಹೆಚ್ಚುತ್ತದೆ. ಆಟೋಫೇಜಿಯ ಜೀನ್‌ಗಳನ್ನು ಯೀಸ್ಟ್‌ನಲ್ಲಿ ಪತ್ತೆ ಹಚ್ಚಿದ ಯೊಶಿನೋರಿ ಒಸುಮಿ ಅವರಿಗೆ 2016ರ ನೊಬೆಲ್ ಪ್ರಶಸ್ತಿ ಸಂದಿತು.

ಫ್ರೀ ರಾಡಿಕಲ್‌ಗಳಿಗೂ ಮುಪ್ಪಿಗೂ ಸಂಬಂಧ ಕಲ್ಪಿಸಿದವರು ಯಾರು?

ಡೆನ್ಹಮ್ ಹಾರ್ಮನ್. ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ, ಆದ್ದರಿಂದ ಸಿಕ್ಕಿದ್ದರೊಡನೆ ಪ್ರತಿಕ್ರಿಯಿಸುವ ಅಣುಗಳೇ ಫ್ರೀ ರಾಡಿಕಲ್‌ಗಳು. ಉಸಿರಾಟದಿಂದ ಬಂದ ಆಮ್ಲಜನಕವನ್ನು ಬಳಸಿ ಮೈಟೊಕಾಂಡ್ರಿಯಾಗಳು ಶಕ್ತಿ ಉತ್ಪಾದಿಸುವಾಗ ಇವು ಸ್ವಲ್ಪ ಪ್ರಮಾಣದಲ್ಲಿ ಹುಟ್ಟುತ್ತವೆ. ಇವು ಡಿಎನ್‌ಎ, ಕೊಬ್ಬು, ಪ್ರೋಟೀನುಗಳಿಗೆ ಮಾಡುವ ಹಾನಿ ಕೂಡುತ್ತ ಹೋಗುವುದೇ ಮುಪ್ಪೆಂದು ಹಾರ್ಮನ್ 1956ರಲ್ಲಿ ವಾದಿಸಿದರು. 1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಅವರು ಸೂಪರಾಕ್ಸೈಡ್ ಎಂಬ ರಾಡಿಕಲ್ಲನ್ನು ನಿವಾರಿಸಲೆಂದೇ ದೇಹದಲ್ಲಿ ಒಂದು ಕಿಣ್ವವಿದೆಯೆಂದು ಕಂಡುಹಿಡಿದಾಗ ಈ ವಾದಕ್ಕೆ ದೊಡ್ಡ ಬೆಂಬಲ ಸಿಕ್ಕಿತು.

ಇಲ್ಲಿಂದ ಒಂದು ಸರಳವಾದ ಸರಪಣಿ ಹೆಣೆಯಲ್ಪಟ್ಟಿತು: ಕಡಿಮೆ ಉಂಡರೆ ಕಡಿಮೆ ಇಂಧನ ಉರಿಯುತ್ತದೆ, ಕಡಿಮೆ ರಾಡಿಕಲ್ ಹುಟ್ಟುತ್ತವೆ, ಹಾನಿ ತಗ್ಗುತ್ತದೆ, ಆಯುಸ್ಸು ಬೆಳೆಯುತ್ತದೆ, ಹಾಗಿದ್ದ ಮೇಲೆ ಹೊಟ್ಟೆ ತುಂಬ ಉಂಡು ರಾಡಿಕಲ್‌ಗಳನ್ನು ಮಾತ್ರೆಯಿಂದ ಅಳಿಸಿದರೂ ಅದೇ ಫಲ ಬರಬೇಕಲ್ಲವೇ? ತರ್ಕ ಸೊಗಸಾಗಿತ್ತು. ಆದರೆ ಅದರ ಕೊಂಡಿಗಳು ಪರೀಕ್ಷೆಯಲ್ಲಿ ಒಂದೊಂದಾಗಿ ಸಡಿಲವಾದವು.

ಯಾವ ಕೊಂಡಿ ಸಡಿಲವಾಯಿತು?

2003ರಲ್ಲಿ ಹಣ್ಣುನೊಣಗಳ ಮೇಲೆ ನಡೆದ ಒಂದು ಪ್ರಯೋಗವನ್ನು ನೋಡಿ. ಹೊಟ್ಟೆ ತುಂಬ ತಿನ್ನುತ್ತಿದ್ದ ನೊಣಗಳನ್ನು ನಡುವಯಸ್ಸಿನಲ್ಲಿ ಮಿತಾಹಾರಕ್ಕೆ ಬದಲಿಸಿದಾಗ, ಎರಡೇ ದಿನಗಳಲ್ಲಿ ಅವುಗಳ ಸಾವಿನ ಸಂಭವ ಮೊದಲಿನಿಂದಲೂ ಮಿತವಾಗಿ ತಿಂದ ನೊಣಗಳ ಮಟ್ಟಕ್ಕೆ ಇಳಿಯಿತು. ಹಾನಿಯ ಸಂಗ್ರಹವೇ ಎಲ್ಲಕ್ಕೂ ಕಾರಣವಾಗಿದ್ದರೆ, ಅಷ್ಟು ಕಾಲ ಕೂಡಿಟ್ಟ ಹಾನಿ ಎರಡು ದಿನಗಳಲ್ಲಿ ಎಲ್ಲಿಗೆ ಹೋಯಿತು? ಇಲಿಗಳಲ್ಲಿ ಮಾತ್ರ ಹೀಗಾಗುವುದಿಲ್ಲ. ಮುಪ್ಪಿನಲ್ಲಿ ಆರಂಭಿಸಿದ ಮಿತಾಹಾರದಿಂದ ಇಲಿಗಳಿಗೆ ಹೆಚ್ಚೇನೂ ಲಾಭವಾಗಲಿಲ್ಲವೆಂದು 2019ರ ಅಧ್ಯಯನ ತೋರಿಸಿತು.

ಇನ್ನಷ್ಟು ನೇರವಾದ ಪರೀಕ್ಷೆಗಳೂ ಇವೆ. ರಾಡಿಕಲ್ ನಿವಾರಿಸುವ ಕಿಣ್ವ ಅರ್ಧದಷ್ಟೇ ಇರುವಂತೆ ಮಾಡಿದ ಇಲಿಗಳ ಡಿಎನ್‌ಎಯಲ್ಲಿ ಹಾನಿಯೂ ಕ್ಯಾನ್ಸರ್ ಪ್ರಮಾಣವೂ ಹೆಚ್ಚಿದವು, ಆಯುಸ್ಸು ಮಾತ್ರ ಕಡಿಮೆಯಾಗಲಿಲ್ಲ. ಅದೇ ಬಗೆಯ ಕಿಣ್ವವನ್ನು ತೆಗೆದುಹಾಕಿದ ದುಂಡುಹುಳುಗಳು ಸಾಮಾನ್ಯ ಹುಳುಗಳಿಗಿಂತ ಹೆಚ್ಚು ಕಾಲ ಬದುಕಿದವು. ಮೈಮೇಲೆ ರೋಮವಿಲ್ಲದ ನೇಕೆಡ್ ಮೋಲ್ ರ‍್ಯಾಟ್ ಎಂಬ ಬಿಲವಾಸಿ ಪ್ರಾಣಿ, ಅಂಗಾಂಶಗಳಲ್ಲಿ ಉತ್ಕರ್ಷಣದ ಹಾನಿ ಹೇರಳವಾಗಿದ್ದರೂ 30 ವರ್ಷ ಮೀರಿ ಬದುಕುತ್ತದೆ. ರಾಡಿಕಲ್‌ಗಳು ನಿರಪರಾಧಿಗಳೆಂದು ಇದರ ಅರ್ಥವಲ್ಲ. ಅನೇಕ ರೋಗಗಳಲ್ಲಿ ಅವುಗಳ ಪಾತ್ರವಿದೆ. ಮುಪ್ಪಿನ ವೇಗವನ್ನು ನಿರ್ಧರಿಸುವ ಏಕೈಕ ಶಕ್ತಿ ಅವಲ್ಲ, ಅಷ್ಟೇ.

ಉತ್ಕರ್ಷಣ ನಿರೋಧಕ ಮಾತ್ರೆಗಳಿಂದ ಮನುಷ್ಯರ ಆಯುಸ್ಸು ಹೆಚ್ಚಿದೆಯೇ?

ಇಲ್ಲ. ಕೆಲವು ಸಂದರ್ಭಗಳಲ್ಲಿ ಹಾನಿಯೂ ಆಗಿದೆ. ಫಿನ್‌ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಪ್ರಕಟವಾದಾಗ ಎಲ್ಲರೂ ಬೆಚ್ಚಿಬಿದ್ದರು: ಬೀಟಾ ಕೆರೋಟಿನ್ ಎಂಬ ಉತ್ಕರ್ಷಣ ನಿರೋಧಕವನ್ನು ದಿನಕ್ಕೆ 20 ಮಿಲಿಗ್ರಾಂ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಗ್ಗುವ ಬದಲು ಶೇ. 18 ಹೆಚ್ಚಾಗಿತ್ತು. ಅದು ಆಕಸ್ಮಿಕವಿರಬಹುದೆಂಬ ಅನುಮಾನ ಹೆಚ್ಚು ದಿನ ಉಳಿಯಲಿಲ್ಲ. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ಜೊತೆ ಕೆಲಸ ಮಾಡಿದವರು ಸೇರಿ 18,314 ಮಂದಿಯ ಮೇಲೆ ನಡೆಯುತ್ತಿದ್ದ ‘ಕ್ಯಾರೆಟ್’ ಪ್ರಯೋಗದಲ್ಲಿ, ಬೀಟಾ ಕೆರೋಟಿನ್ ಮತ್ತು ವಿಟಮಿನ್ ಎ ಸೇವಿಸಿದವರಲ್ಲಿ ಅದೇ ಕ್ಯಾನ್ಸರ್ ಶೇ. 28, ಒಟ್ಟು ಸಾವು ಶೇ. 17 ಹೆಚ್ಚಿದ್ದು ಕಂಡು, 1996ರಲ್ಲಿ ಪ್ರಯೋಗವನ್ನು ನಿಗದಿತ ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಲಾಯಿತು.

ಧೂಮಪಾನಿಗಳಲ್ಲದವರ ಕಥೆಯೇನು ಎಂದು ಕೇಳಬಹುದು. ಅಮೆರಿಕದ 22 ಸಾವಿರ ಪುರುಷ ವೈದ್ಯರು 12 ವರ್ಷ ಬೀಟಾ ಕೆರೋಟಿನ್ ಅಥವಾ ಹುಸಿಮಾತ್ರೆ ಸೇವಿಸಿದ ಪ್ರಯೋಗದಲ್ಲಿ ಲಾಭವೂ ಕಾಣಲಿಲ್ಲ, ಹಾನಿಯೂ ಕಾಣಲಿಲ್ಲ. ವಿಟಮಿನ್ ಇ ಮತ್ತು ಸೆಲೀನಿಯಂ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯುತ್ತವೆಯೇ ಎಂದು ನೋಡಲು 35 ಸಾವಿರಕ್ಕೂ ಹೆಚ್ಚು ಪುರುಷರನ್ನು ಸೇರಿಸಿಕೊಂಡ ‘ಸೆಲೆಕ್ಟ್’ ಪ್ರಯೋಗದಲ್ಲಿ, ವಿಟಮಿನ್ ಇ ಮಾತ್ರ ಸೇವಿಸಿದವರಲ್ಲಿ ಆ ಕ್ಯಾನ್ಸರ್ ಶೇ. 17 ಹೆಚ್ಚಿದೆಯೆಂದು 2011ರಲ್ಲಿ ತಿಳಿದುಬಂತು. 78 ಪ್ರಯೋಗಗಳನ್ನೂ ಅವುಗಳ 2,96,707 ಭಾಗಿಗಳನ್ನೂ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ, ಈ ಮಾತ್ರೆಗಳು ಸಾವನ್ನು ಮುಂದೂಡುವುದಕ್ಕೆ ಪುರಾವೆಯಿಲ್ಲವೆಂದೂ, ಬೀಟಾ ಕೆರೋಟಿನ್ ಮತ್ತು ವಿಟಮಿನ್ ಇ ಸಾವಿನ ಪ್ರಮಾಣವನ್ನು ಹೆಚ್ಚಿಸುವಂತೆ ತೋರುತ್ತದೆಂದೂ ಹೇಳಿತು.

ಒಳ್ಳೆಯದೆಂದು ತಿಳಿದ ವಸ್ತು ಹಾನಿ ಮಾಡಿದ್ದು ಹೇಗೆ?

ರಾಡಿಕಲ್‌ಗಳು ಕಸ ಮಾತ್ರವಲ್ಲ, ಸಂದೇಶವಾಹಕಗಳೂ ಹೌದು. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಅವನ್ನು ಬಳಸುತ್ತವೆ. ವ್ಯಾಯಾಮ ಮಾಡಿದಾಗ ಸ್ನಾಯುಗಳಲ್ಲಿ ಹುಟ್ಟುವ ರಾಡಿಕಲ್‌ಗಳು, ದೇಹ ತನ್ನದೇ ಆದ ರಕ್ಷಣಾ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುವಂತೆ ಎಚ್ಚರಿಸುತ್ತವೆ. 2009ರಲ್ಲಿ ಜರ್ಮನಿಯ ಮಿಖಾಯೆಲ್ ರಿಸ್ಟೋ ಅವರ ತಂಡ, ನಾಲ್ಕು ವಾರ ವ್ಯಾಯಾಮ ಮಾಡಿದ ಯುವಕರಲ್ಲಿ ಕೆಲವರಿಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟು ನೋಡಿತು. ಮಾತ್ರೆ ಸೇವಿಸದವರಲ್ಲಿ ಇನ್ಸುಲಿನ್ ಸ್ಪಂದನೆ ಸುಧಾರಿಸಿತು. ಸೇವಿಸಿದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಕಾವಲುಗಾರನ ಕೂಗು ಕೇಳದಂತೆ ಕಿವಿಗೆ ಹತ್ತಿ ಇಟ್ಟುಕೊಂಡ ಹಾಗಾಯಿತು.

ಮಿತಾಹಾರವೂ ಇಂಥದೇ ಒಂದು ಸಣ್ಣ ಒತ್ತಡವೆಂದು, ದೇಹ ಆ ಒತ್ತಡಕ್ಕೆ ಪ್ರತಿಯಾಗಿ ತನ್ನನ್ನು ಗಟ್ಟಿಮಾಡಿಕೊಳ್ಳುತ್ತದೆಂದು ಈಗ ಅನೇಕ ಸಂಶೋಧಕರು ಭಾವಿಸುತ್ತಾರೆ. ಹಾಗಿದ್ದರೆ ಮಿತಾಹಾರದ ಬದಲಿಗೆ ಮಾತ್ರೆಯೆಂಬ ಹಳೆಯ ಸಮೀಕರಣ ತಲೆಕೆಳಗಾಗುತ್ತದೆ: ಒಂದು ಸಂಕೇತವನ್ನು ಎಬ್ಬಿಸುತ್ತದೆ, ಇನ್ನೊಂದು ಅದನ್ನು ಅಡಗಿಸಬಹುದು.

ಹಣ್ಣು ತರಕಾರಿಗಳಲ್ಲಿಯೂ ಇವೇ ಇವೆಯಲ್ಲ? ಅವೂ ಅಪಾಯವೇ?

ಖಂಡಿತ ಅಲ್ಲ. ಹಣ್ಣು ತರಕಾರಿಗಳನ್ನು ಹೆಚ್ಚಾಗಿ ತಿನ್ನುವವರಲ್ಲಿ ಹೃದ್ರೋಗ ಕಡಿಮೆಯೆಂಬುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅವುಗಳಲ್ಲಿ ನಾರು, ಪೊಟ್ಯಾಸಿಯಂ ಮತ್ತು ನೂರಾರು ಬೇರೆ ಸಂಯುಕ್ತಗಳಿವೆ. ಅವನ್ನು ತಿನ್ನುವವರು ಸಾಮಾನ್ಯವಾಗಿ ಧೂಮಪಾನವನ್ನೂ ಕಡಿಮೆ ಮಾಡುತ್ತಾರೆ, ಓಡಾಟವನ್ನೂ ಹೆಚ್ಚು ಮಾಡುತ್ತಾರೆ. ಆ ಲಾಭವನ್ನೆಲ್ಲ ಒಂದೇ ಅಣುವಿನ ಲೆಕ್ಕಕ್ಕೆ ಬರೆದದ್ದು ತಪ್ಪಾಯಿತು. ಆಹಾರಗಳ ಉತ್ಕರ್ಷಣ ನಿರೋಧಕ ಸಾಮರ್ಥ್ಯವನ್ನು ಪ್ರನಾಳದಲ್ಲಿ ಅಳೆದು ಮಾಡಿದ ‘ಒರಾಕ್’ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಜಾಲತಾಣದಿಂದ ಹಿಂತೆಗೆದುಕೊಂಡಿತು, ಏಕೆಂದರೆ ಆ ಅಂಕಿಗಳಿಗೂ ದೇಹದೊಳಗಿನ ಪರಿಣಾಮಕ್ಕೂ ಸಂಬಂಧ ಸ್ಥಾಪಿತವಾಗಿರಲಿಲ್ಲ. ಜಾಹೀರಾತುಗಳು ಮಾತ್ರ ಅವನ್ನು ಇನ್ನೂ ಮರೆತಿಲ್ಲ.

ಹಾಗಾದರೆ ಈ ಮಾತ್ರೆಗಳಿಗೆ ಯಾವ ಉಪಯೋಗವೂ ಇಲ್ಲವೇ?

ಇದೆ, ನಿರ್ದಿಷ್ಟ ಸಂದರ್ಭಗಳಲ್ಲಿ. ವಿಟಮಿನ್ ಕೊರತೆಯಿರುವವರಿಗೆ ವಿಟಮಿನ್ ಔಷಧವೇ ಸರಿ. ವಯಸ್ಸಿನೊಂದಿಗೆ ಬರುವ ಅಕ್ಷಿಪಟಲದ ಮ್ಯಾಕುಲಾ ಸವೆತದ ಮಧ್ಯಮ ಹಂತದಲ್ಲಿರುವವರಿಗೆ ವಿಟಮಿನ್ ಸಿ, ಇ, ಸತು ಮುಂತಾದವುಗಳ ಒಂದು ಮಿಶ್ರಣ ರೋಗ ಮುಂದುವರಿಯುವುದನ್ನು ನಿಧಾನಗೊಳಿಸುತ್ತದೆಂದು 2001ರ ಪ್ರಯೋಗ ತೋರಿಸಿತು. ಅದರ 2013ರ ಪರಿಷ್ಕೃತ ರೂಪದಲ್ಲಿ ಬೀಟಾ ಕೆರೋಟಿನ್ ಬದಲಿಗೆ ಲ್ಯೂಟೀನ್ ಮತ್ತು ಜಿಯಾಜ್ಯಾಂಥಿನ್ ಸೇರಿದವು. ಇದು ಕಣ್ಣಿನ ಒಂದು ರೋಗಕ್ಕೆ ವೈದ್ಯರು ಸೂಚಿಸುವ ಚಿಕಿತ್ಸೆ. ಆಯುಸ್ಸಿಗೂ ಇದಕ್ಕೂ ಸಂಬಂಧವಿಲ್ಲ.

ದಿನಕ್ಕೊಂದು ಮಲ್ಟಿವಿಟಮಿನ್ ಮಾತ್ರೆ?

ಅಮೆರಿಕದ 3,90,124 ಆರೋಗ್ಯವಂತ ವಯಸ್ಕರನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಗಮನಿಸಿದ, 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ನಿತ್ಯ ಸೇವಿಸುವವರು ಹೆಚ್ಚು ಕಾಲ ಬದುಕಿದ್ದು ಕಂಡುಬರಲಿಲ್ಲ.

ಮಿತಾಹಾರದ ಪರಿಣಾಮವನ್ನೇ ಕೊಡುವ ಔಷಧಗಳು ಬಂದಿವೆಯೇ?

ಹೆಚ್ಚು ಸದ್ದು ಮಾಡಿದ್ದು ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್. 2006ರಲ್ಲಿ ಅತಿ ಕೊಬ್ಬಿನ ಆಹಾರ ತಿನ್ನುತ್ತಿದ್ದ ಇಲಿಗಳಿಗೆ ಇದನ್ನು ಕೊಟ್ಟಾಗ ಅವು ಹೆಚ್ಚು ಆರೋಗ್ಯವಾಗಿದ್ದು ಹೆಚ್ಚು ಕಾಲ ಬದುಕಿದವು. ಇಲ್ಲಿಯೂ ನಮ್ಮ ಮೊದಲ ಪ್ರಶ್ನೆಯನ್ನೇ ಕೇಳಬೇಕು, ಏಕೆಂದರೆ ಹೋಲಿಕೆ ನಡೆದದ್ದು ಬೊಜ್ಜು ಬಂದ ಇಲಿಗಳೊಂದಿಗೆ. ಸಾಮಾನ್ಯ ಆಹಾರ ತಿನ್ನುವ ಇಲಿಗಳಲ್ಲಿ ನಂತರ ಪರೀಕ್ಷಿಸಿದಾಗ ಆಯುಸ್ಸು ಹೆಚ್ಚಲಿಲ್ಲ. ಇದಕ್ಕಿಂತ ಗಟ್ಟಿಯಾದ ಪುರಾವೆಯಿರುವುದು ರಾಪಮೈಸಿನ್‌ಗೆ. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ, ಎಂಟಾರ್ ಪ್ರೋಟೀನನ್ನು ತಡೆಯುವ ಈ ಔಷಧವನ್ನು 600 ದಿನ ವಯಸ್ಸಾದ ಇಲಿಗಳಿಗೆ ಕೊಟ್ಟಾಗಲೂ ಗಂಡುಗಳಲ್ಲಿ ಶೇ. 9, ಹೆಣ್ಣುಗಳಲ್ಲಿ ಶೇ. 14 ಆಯುಸ್ಸು ಹೆಚ್ಚಿತೆಂದು 2009ರಲ್ಲಿ ಮೂರು ಪ್ರಯೋಗಾಲಯಗಳು ಒಟ್ಟಾಗಿ ವರದಿ ಮಾಡಿದವು. ಆದರೆ ಇದು ಅಂಗಾಂಗ ಕಸಿಯಾದವರಿಗೆ ಕೊಡುವ, ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಔಷಧ. ಆರೋಗ್ಯವಂತರು ದೀರ್ಘಾಯುಷ್ಯಕ್ಕೆಂದು ತಾವಾಗಿಯೇ ನುಂಗುವುದನ್ನು ನಾನಂತೂ ಬೆಂಬಲಿಸಲಾರೆ.

ಎಷ್ಟು ಉಣ್ಣುತ್ತೇವೆ ಎಂಬುದರ ಜೊತೆಗೆ ಯಾವಾಗ ಉಣ್ಣುತ್ತೇವೆ ಎಂಬುದೂ ಮುಖ್ಯವೇ?

ಇಲಿಗಳಲ್ಲಿ ಬಹಳ ಮುಖ್ಯ. 2022ರ ಒಂದು ಅಧ್ಯಯನದಲ್ಲಿ ಶೇ. 30 ಕಡಿತದ ಆಹಾರವನ್ನು ಹಗಲು ರಾತ್ರಿ ಹಂಚಿ ಕೊಟ್ಟಾಗ ಆಯುಸ್ಸು ಶೇ. 10 ಹೆಚ್ಚಿದರೆ, ಅದೇ ಪ್ರಮಾಣವನ್ನು ಅವು ಚುರುಕಾಗಿರುವ ರಾತ್ರಿಯ ವೇಳೆಯಲ್ಲಿ ಮಾತ್ರ ಕೊಟ್ಟಾಗ ಶೇ. 35 ಹೆಚ್ಚಿತು. ಮನುಷ್ಯರಲ್ಲಿ ಇಷ್ಟು ಸ್ಪಷ್ಟತೆ ಇಲ್ಲ. ಬೊಜ್ಜಿದ್ದ 139 ಮಂದಿಯ ಮೇಲೆ ಒಂದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಯಾಲೊರಿ ಕಡಿತದ ಜೊತೆಗೆ ಊಟವನ್ನು ಹಗಲಿನ ಎಂಟು ಗಂಟೆಗಳ ಒಳಗೆ ಮುಗಿಸಿದವರಿಗೂ, ಕ್ಯಾಲೊರಿ ಕಡಿತವನ್ನಷ್ಟೇ ಮಾಡಿದವರಿಗೂ ತೂಕದ ಇಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಗಡಿಯಾರ ನೋಡಿ ಉಣ್ಣುವುದು ಕೆಲವರಿಗೆ ಕಡಿಮೆ ಉಣ್ಣಲು ಸುಲಭದ ದಾರಿಯಾಗಬಹುದು.

ಅತಿಯಾಗಿ ಕಡಿತ ಮಾಡಿದರೆ ಏನಾಗುತ್ತದೆ?

1944ರಿಂದ 1945ರವರೆಗೆ ಆನ್ಸೆಲ್ ಕೀಸ್ ಅವರು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಮಂದಿ ಸ್ವಯಂಸೇವಕರ ಆಹಾರವನ್ನು ಸುಮಾರು ಅರ್ಧಕ್ಕೆ ಇಳಿಸಿ ಆರು ತಿಂಗಳು ಗಮನಿಸಿದರು. ಯುದ್ಧದಲ್ಲಿ ಹಸಿದ ಜನರಿಗೆ ಮತ್ತೆ ಹೇಗೆ ಆಹಾರ ಕೊಡಬೇಕೆಂದು ತಿಳಿಯುವುದು ಅದರ ಉದ್ದೇಶವಾಗಿತ್ತು. ಅವರ ತೂಕ ಕಾಲುಭಾಗದಷ್ಟು ಇಳಿಯಿತು. ನಿಶ್ಶಕ್ತಿ, ಸದಾ ಚಳಿ, ಖಿನ್ನತೆ, ಸಿಡುಕು, ಲೈಂಗಿಕ ನಿರಾಸಕ್ತಿ ಕಾಣಿಸಿಕೊಂಡವು. ಆಹಾರದ ಯೋಚನೆ ಬಿಟ್ಟು ಬೇರೆ ಯೋಚನೆಯೇ ಹತ್ತಿರ ಸುಳಿಯದಂತಾಯಿತು. ಅದು ಹಸಿವಿನ ಪ್ರಯೋಗವೇ ಹೊರತು ಪೋಷಣೆಯುಳ್ಳ ಮಿತಾಹಾರವಲ್ಲ, ನಿಜ. ಆದರೆ ಇವೆರಡರ ನಡುವಿನ ಗೆರೆ ಮನೆಯಲ್ಲಿ ತಾವೇ ಪ್ರಯೋಗಕ್ಕಿಳಿದವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಸೌಮ್ಯವಾಗಿ ನಡೆದ ಕ್ಯಾಲೆರಿ ಪ್ರಯೋಗದಲ್ಲಿಯೂ ಸೊಂಟ ಮತ್ತು ಬೆನ್ನುಮೂಳೆಯ ಸಾಂದ್ರತೆ ಸ್ವಲ್ಪ ಇಳಿಯಿತು, ಕೊಬ್ಬಿನ ಜೊತೆಗೆ ಸ್ನಾಯುವೂ ಕರಗಿತು.

ಯಾರು ಇದಕ್ಕೆ ಕೈ ಹಾಕಬಾರದು?

ಬೆಳೆಯುವ ಮಕ್ಕಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೊದಲೇ ತೂಕ ಕಡಿಮೆಯಿರುವವರು, ಆಹಾರ ಸೇವನೆಗೆ ಸಂಬಂಧಿಸಿದ ಮಾನಸಿಕ ಕಾಯಿಲೆಯಿಂದ ಬಳಲಿದವರು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರೊಂದಿಗೆ ಮಾತನಾಡದೆ ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವೃದ್ಧರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು: ಆ ವಯಸ್ಸಿನಲ್ಲಿ ಕಳೆದುಕೊಂಡ ಸ್ನಾಯು ಮರಳಿ ಬರುವುದು ಕಷ್ಟ, ಬಿದ್ದು ಮೂಳೆ ಮುರಿಯುವ ಅಪಾಯ ಹೆಚ್ಚು.

ಇಷ್ಟೆಲ್ಲ ಓದಿದ ಮೇಲೆ, ಆರೋಗ್ಯವಂತ ವಯಸ್ಕರು ಮಾಡಬಹುದಾದದ್ದು ಏನು?

ಬೊಜ್ಜಿದ್ದವರು ಅದನ್ನು ಇಳಿಸುವುದಕ್ಕೆ ಪುರಾವೆ ಗಟ್ಟಿಯಾಗಿದೆ. ತೂಕ ಸರಿಯಾಗಿದ್ದವರು ಸಕ್ಕರೆ, ಕರಿದ ತಿಂಡಿ, ಮದ್ಯ ಇಂಥವನ್ನು ಬಿಡುವುದರಿಂದಲೇ ದಿನಕ್ಕೆ ಶೇ. 10ರಷ್ಟು ಕ್ಯಾಲೊರಿ ತಗ್ಗಿಸಲು ಸಾಧ್ಯ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟ ಮತ್ತು ಪ್ರೋಟೀನಿನಲ್ಲಿ 4 ಕ್ಯಾಲೊರಿ ಎಂಬ ಲೆಕ್ಕ ಗೊತ್ತಿದ್ದರೆ ಎಲ್ಲಿ ಕೈ ಹಿಡಿಯಬೇಕೆಂದು ತಿಳಿಯುತ್ತದೆ. ಪ್ರೋಟೀನನ್ನು ಕಡಿಮೆ ಮಾಡದೆ, ಸ್ನಾಯು ಮತ್ತು ಮೂಳೆಗಳನ್ನು ಕಾಯಲು ಭಾರ ಎತ್ತುವ ವ್ಯಾಯಾಮವನ್ನು ಸೇರಿಸಿಕೊಳ್ಳುವುದು ವಿವೇಕ. ಧೂಮಪಾನ ಮಾಡುತ್ತಲೇ ಊಟದ ತುತ್ತು ಎಣಿಸುವುದರಲ್ಲಿ ಅರ್ಥವಿಲ್ಲ.

ಜೈವಿಕ ವಯಸ್ಸಿನ ರಕ್ತಪರೀಕ್ಷೆ ಮಾಡಿಸಿ ಫಲವನ್ನು ಅಳೆಯಬಹುದೇ?

ಡಿಎನ್‌ಎಗೆ ಅಂಟಿಕೊಂಡಿರುವ ಮೀಥೈಲ್ ಗುರುತುಗಳನ್ನು ಓದಿ ವಯಸ್ಸನ್ನು ಅಂದಾಜು ಮಾಡುವ ಹಲವು ‘ಗಡಿಯಾರ’ಗಳಿವೆ. ಕ್ಯಾಲೆರಿ ಪ್ರಯೋಗದ ರಕ್ತದ ಮಾದರಿಗಳನ್ನು 2023ರಲ್ಲಿ ಹೀಗೆ ಪರೀಕ್ಷಿಸಿದಾಗ, ಮುಪ್ಪಿನ ವೇಗವನ್ನು ಅಳೆಯುವ ‘ಡ್ಯುನೆಡಿನ್ ಪೇಸ್’ ಎಂಬ ಗಡಿಯಾರ ಶೇ. 2ರಿಂದ 3ರಷ್ಟು ನಿಧಾನವಾದುದನ್ನು ತೋರಿಸಿತು. ಅದೇ ರಕ್ತವನ್ನು ಓದಿದ ಫೀನೋಏಜ್ ಮತ್ತು ಗ್ರಿಮ್‌ಏಜ್ ಎಂಬ ಇನ್ನೆರಡು ಗಡಿಯಾರಗಳು ಯಾವ ಬದಲಾವಣೆಯನ್ನೂ ಗುರುತಿಸಲಿಲ್ಲ. ಎಚ್ಚರಿಕೆಯಿಂದ ನಡೆದ ಪ್ರಯೋಗದಲ್ಲಿಯೇ ಮೂರು ಗಡಿಯಾರಗಳು ಒಮ್ಮತಕ್ಕೆ ಬಾರದಿರುವಾಗ, ಒಬ್ಬರ ಒಂದು ಪರೀಕ್ಷೆಯ ಫಲಿತಾಂಶವನ್ನು ನಂಬಿ ಊಟ ಹೆಚ್ಚುಕಡಿಮೆ ಮಾಡುವುದು ಈಗಂತೂ ಸರಿಯಲ್ಲ. ರಕ್ತದೊತ್ತಡ, ರಕ್ತದ ಸಕ್ಕರೆ, ಕೊಲೆಸ್ಟರಾಲ್ ಮತ್ತು ಸೊಂಟದ ಸುತ್ತಳತೆ, ಈ ಹಳೆಯ ಅಳತೆಗಳು ಕಡಿಮೆ ಖರ್ಚಿನವು, ಮತ್ತು ಅವುಗಳ ಏರಿಳಿತಕ್ಕೂ ಮುಂದಿನ ಕಾಯಿಲೆಗಳಿಗೂ ಇರುವ ನಂಟು ದಶಕಗಳಿಂದ ಪರೀಕ್ಷೆಗೆ ಒಳಪಟ್ಟಿದೆ.